ಹೆಪ್ಪು

ಮೊಸರಿನ ಪಾತ್ರೆ ತಳ ಕಾಣುವ ಹೊತ್ತಿಗೆ ನಮ್ಮಜ್ಜಿ ಬಡಿಸುವ ಕೈ ನಿಲ್ಲಿಸುತ್ತಿದ್ದಳು. ಪಂಕ್ತಿಯಲ್ಲಿ ಯಾರೇ ಕೂತಿರಲಿ, ಒಂದು ಚಮಚ ಮೊಸರು ತೆಗೆದು ಪುಟ್ಟ ಬಟ್ಟಲಿಗೆ ಹಾಕಿ, ಮೇಲೆ ತಟ್ಟೆ ಮುಚ್ಚಿಟ್ಟ ಮೇಲೆಯೇ ಉಳಿದದ್ದು ಎಲೆಗೆ ಬೀಳುತ್ತಿತ್ತು. ನಾಳೆಯ ಹೆಪ್ಪಿಗೆ ಅದು. ಹೆಪ್ಪನ್ನು ಇನ್ನೊಬ್ಬರ ಮನೆಗೆ ಕೇಳಲು ಹೋಗುವ ಸ್ಥಿತಿ ಬರಬಾರದು ಎನ್ನುವುದು ಅವಳ ಹಟ. ಆ ಹೆಪ್ಪು ಅಜ್ಜಿಯ ಕೈಯಿಂದ ಅಮ್ಮನ ಕೈಗೆ ಬಂತು. ನಾನು ಮದುವೆಯಾಗಿ ತಿಪಟೂರಿನ ಪಕ್ಕದ ನಮ್ಮೂರಿನಿಂದ ಮೈಸೂರಿಗೆ ಹೊರಟ ದಿನ, ಮಡಿಲಕ್ಕಿಯ ಗಂಟಿನ ಜೊತೆಗೆ ಅಮ್ಮ ಒಂದು ಸ್ಟೀಲ್ ಡಬ್ಬಿಯನ್ನೂ ಕೊಟ್ಟಳು. ಬಸ್ಸಿನಲ್ಲಿ ಅದು ಚೆಲ್ಲದ ಹಾಗೆ ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಬಂದಿದ್ದೆ. ಅವತ್ತು ರಾತ್ರಿ ಹೊಸ ಮನೆಯಲ್ಲಿ ನಾನು ಮಾಡಿದ ಮೊದಲ ಕೆಲಸ ಹಾಲು ಕಾಯಿಸಿ, ಕಿರುಬೆರಳು ಅದ್ದಿ ಹದ ನೋಡಿ, ಹೆಪ್ಪು ಹಾಕಿದ್ದು.

ಹಾಗಾಗಿ, ಹಾಲು ಬಿಟ್ಟೆ ಎಂದರೆ ಜನ ಕೇಳುವ ಮೊದಲ ಪ್ರಶ್ನೆ, "ಕಾಫಿಗೆ ಏನು ಮಾಡ್ತೀರಿ?" ಎನ್ನುವುದು, ನನಗೆ ದೂರದ ಪ್ರಶ್ನೆಯಾಗಿ ಕೇಳುತ್ತದೆ. ಕಾಫಿ ಹದಿನೈದು ದಿನದ ಮಾತು. ನನಗೆ ಆರು ವರ್ಷ ಹಿಡಿದದ್ದು ಆ ಒಂದು ಚಮಚಕ್ಕೆ.

ಮೊದಲು ಹೋದದ್ದು ಮೊಟ್ಟೆ. ನಮ್ಮದು ಮಾಂಸ ತಿನ್ನದ ಮನೆ. ಮಗಳು ಚಿಕ್ಕವಳಿದ್ದಾಗ ತೂಕ ಸಾಲದೆಂದು ಡಾಕ್ಟರು ಹೇಳಿದ ಮೇಲೆ ಮೊಟ್ಟೆ ಒಳಗೆ ಬಂತು. ಅಡುಗೆಮನೆಗೆ ಬರಲಿಲ್ಲ. ಹಿತ್ತಲಲ್ಲಿ ಬೇರೆ ಸ್ಟೌವ್, ಬೇರೆ ಪಾತ್ರೆ. ಅತ್ತೆ ಆ ಕಡೆ ತಲೆ ಹಾಕುತ್ತಿರಲಿಲ್ಲ. ಆದರೆ ಮೊಮ್ಮಗಳಿಗೆ ತಿನ್ನಿಸಿ ಆಯಿತೇ ಎಂದು ಮರೆಯದೆ ಕೇಳುತ್ತಿದ್ದರು. ಅವಳ ಜೊತೆ ನಾನೂ ತಿನ್ನಲು ಕಲಿತೆ. ಬಹಳ ವರ್ಷ ತಿಂದೆ. 2017ರಲ್ಲಿ ಪರಿಚಯದವರೊಬ್ಬರ ಕೋಳಿಫಾರಂಗೆ, ಅವರ ಮಗಳ ಮದುವೆಗೆ ಹೋದವರು, ಹಾಗೇ ನೋಡಲು ಹೋದೆವು. ಉದ್ದನೆಯ ಶೆಡ್ಡು. ಬಾಗಿಲಲ್ಲೇ ಕಣ್ಣು ಉರಿಯುವ ಘಾಟು. ತಂತಿಯ ಪಂಜರಗಳು ಮೆಟ್ಟಿಲ ಹಾಗೆ ಒಂದರ ಮೇಲೊಂದು. ಒಂದೊಂದು ಕೋಳಿಗೆ ಸಿಕ್ಕಿದ್ದ ಜಾಗ ನಾವು ಜೆರಾಕ್ಸಿಗೆ ಬಳಸುವ ಎ4 ಹಾಳೆಗಿಂತ ಕಡಿಮೆ. ಪಂಜರದ ತಳ ಮುಂದಕ್ಕೆ ಇಳಿಜಾರಾಗಿರುತ್ತದೆ. ನಾನು ನೋಡುತ್ತಿರುವಾಗಲೇ ಒಂದು ಕೋಳಿ ಮೊಟ್ಟೆ ಇಟ್ಟಿತು. ಮೊಟ್ಟೆ ಉರುಳಿ ತಂತಿಯ ಆಚೆ ಬಂತು. ಕೋಳಿ ತಿರುಗಿ ಕೊಕ್ಕಿನಿಂದ ತಂತಿಯನ್ನು ತಟ್ಟಿ ತಟ್ಟಿ ಹುಡುಕಿತು. ಕೊಕ್ಕಿನ ತುದಿ ಕತ್ತರಿಸಿದ್ದರು.

ಫಾರಂನವರು ಏನನ್ನೂ ಮುಚ್ಚಿಡಲಿಲ್ಲ. ಇದರ ಮೂಲವಾದ ಕಾಡುಕೋಳಿ ವರ್ಷಕ್ಕೆ ಹತ್ತು ಹದಿನೈದು ಮೊಟ್ಟೆ ಇಟ್ಟರೆ ಹೆಚ್ಚು, ಈ ತಳಿ ಮುನ್ನೂರು ಇಡುತ್ತದೆ ಎಂದರು. ಹುಂಜದ ಮರಿಗಳು ಎಲ್ಲಿ ಎಂದು ಮಗಳು ಕೇಳಿದಳು. ಅವು ಮೊಟ್ಟೆ ಇಡುವುದಿಲ್ಲ, ಮಾಂಸಕ್ಕೂ ಬೆಳೆಯುವುದಿಲ್ಲ, ಹಾಗಾಗಿ ಮರಿ ಮಾಡಿಸುವ ಕಡೆಯೇ ಒಡೆದು ಬಂದ ದಿನವೇ ಕೊಂದುಬಿಡುತ್ತಾರೆ ಎಂದರು. ವಾಪಸ್ಸು ಬರುವಾಗ ಕಾರಿನಲ್ಲಿ ನಾವಿಬ್ಬರೂ ಮಾತಾಡಲಿಲ್ಲ. ಹಿತ್ತಲ ಸ್ಟೌವ್ ಆ ವಾರವೇ ಅಟ್ಟ ಸೇರಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರು ಮಾಡಿದಾಗ ಎದ್ದ ವಿರೋಧಕ್ಕೆ ನನ್ನಂಥವರೂ ದನಿಗೂಡಿಸುತ್ತಾರೆ ಎಂದು ಕೆಲವರು ಎಣಿಸಿದ್ದರು. ನಾನು ದನಿಗೂಡಿಸಲಿಲ್ಲ. ಮನೆಯಲ್ಲಿ ಎರಡು ಹೊತ್ತು ಬೇಳೆ ಬೇಯುವ ನಾನು ಬಿಟ್ಟದ್ದನ್ನು, ಬೇಳೆಯೇ ಕಾಣದ ಮಗುವಿನ ತಟ್ಟೆಯಿಂದ ತೆಗೆಸುವ ಹಕ್ಕು ನನಗಿಲ್ಲ. ನನ್ನ ಮಗಳ ತೂಕ ಸಾಲದಿದ್ದಾಗ ನಾನು ಮಾಡಿದ್ದೇನು ಎಂಬುದು ನನಗೆ ನೆನಪಿದೆ.

ಹಾಲಿನ ಕಥೆ ಬೇರೆ. ಹಾಲಿನ ಜೊತೆ ನಮಗಿರುವುದು ನಂಟು. ಹೊಸ ಮನೆ ಹೊಕ್ಕರೆ ಹಾಲು ಉಕ್ಕಬೇಕು. ಮದುವೆಯಲ್ಲಿ ಧಾರೆಗೆ ಹಾಲು, ನಾಗರಪಂಚಮಿಗೆ ಹುತ್ತಕ್ಕೆ ತನಿ, ಸತ್ತವರಿಗೆ ಮೂರನೆಯ ದಿನ ಹಾಲುತುಪ್ಪ. ದೇವಸ್ಥಾನದ ಪಂಚಾಮೃತದ ಐದರಲ್ಲಿ ಮೂರು ಹಸುವಿನದು. ಇಷ್ಟರ ನಡುವೆ ಬೆಳೆದವಳಿಗೆ ಹಾಲಿನಲ್ಲಿ ತಪ್ಪೇನಾದರೂ ಇರಬಹುದು ಎಂಬ ಯೋಚನೆ ಹತ್ತಿರ ಸುಳಿಯುವುದೂ ಇಲ್ಲ. ನನ್ನ ಹತ್ತಿರ ಸುಳಿದದ್ದು ಗಿಣ್ಣಿನಿಂದ.

ಗಿಣ್ಣು ನನಗೆ ಪ್ರಾಣ. ಹಸು ಕರು ಹಾಕಿದ ಮೇಲಿನ ಹಳದಿ ಬಣ್ಣದ ಮಂದ ಹಾಲಿಗೆ ಬೆಲ್ಲ, ಏಲಕ್ಕಿ ಬೆರೆಸಿ ಹಬೆಯಲ್ಲಿ ಬೇಯಿಸಿದರೆ, ಚಾಕು ಇಟ್ಟರೆ ನಡುಗುವಷ್ಟು ಮೆದು, ಒಳಗೆಲ್ಲ ಸಣ್ಣ ಸಣ್ಣ ತೂತು. ಆ ತೂತುಗಳಲ್ಲಿ ಬೆಲ್ಲದ ನೀರು ನಿಂತಿರುತ್ತದೆ. ಚಿಕ್ಕಪ್ಪನ ಮಗ ಪ್ರತಿ ಸಲವೂ ಫೋನು ಮಾಡುತ್ತಾನೆ. "ಹಸ ಈದೈತೆ ಕಣಕ್ಕ, ಗಿಣ್ಣಾಲು ಕಳಿಸ್ತೀನಿ." ಆ ಸಲ ಊರಹಬ್ಬವೂ ಬಂದಿದ್ದರಿಂದ ನಾನೇ ಹೋದೆ. ಕೊಟ್ಟಿಗೆಯಲ್ಲಿ ಮೂರು ದಿನದ ಕರು. ಸೀಮೆಹಸುವಿನದು, ಕಪ್ಪು ಬಿಳಿ, ಹಣೆಯ ಮೇಲೆ ಬೆಳ್ಳಗೆ ಒಂದು ಚಿಕ್ಕ ಮಚ್ಚೆ. ಕೈ ಚಾಚಿದೆ. ಬೆರಳನ್ನು ಬಾಯಿಗೆ ಎಳೆದುಕೊಂಡು ಚೀಪತೊಡಗಿತು. ನಾಲಿಗೆ ಒರಟು, ಬಾಯಿ ಬಿಸಿ. ಚೀಪುತ್ತಾ ಚೀಪುತ್ತಾ ತಲೆಯಿಂದ ನನ್ನ ಅಂಗೈಯನ್ನು ಗುಮ್ಮುತ್ತಿತ್ತು. ತಾಯಿಯ ಕೆಚ್ಚಲನ್ನು ಗುಮ್ಮಿದರೆ ಹಾಲು ಇಳಿಯುತ್ತದಲ್ಲ, ಹಾಗೆ. ನನ್ನ ಬೆರಳಿನಿಂದ ಏನು ಇಳಿದೀತು?

ಹಬ್ಬಕ್ಕೆ ಬಂದಿದ್ದ ನಮ್ಮ ಸಂಬಂಧಿಕರಲ್ಲಿ ಒಬ್ಬರು ಪಶುವೈದ್ಯರು. ಜಗಲಿಯಲ್ಲಿ ಗಿಣ್ಣು ತಿನ್ನುತ್ತಲೇ ಅವರು ವಿವರಿಸಿದರು. ಮನುಷ್ಯರ ಮಗುವಿಗೆ ರೋಗ ತಡೆಯುವ ಶಕ್ತಿ ಒಂದಿಷ್ಟು ಗರ್ಭದಲ್ಲೇ ತಾಯಿಯಿಂದ ಬಂದಿರುತ್ತದೆ. ಕರುವಿಗೆ ಬರುವುದಿಲ್ಲ. ಅದು ಹೆಚ್ಚುಕಡಿಮೆ ಬರಿಗೈಯಲ್ಲಿ ಹುಟ್ಟುತ್ತದೆ. ಆ ಶಕ್ತಿಯೆಲ್ಲ ಇರುವುದು ಗಿಣ್ಣುಹಾಲಿನಲ್ಲಿ. ಕರುವಿನ ಕರುಳು ಅದನ್ನು ಹಾಗೇ ಒಳಗೆ ಬಿಟ್ಟುಕೊಳ್ಳುವುದು ಹುಟ್ಟಿದ ಮೊದಲ ಇಪ್ಪತ್ನಾಲ್ಕು ಗಂಟೆ ಮಾತ್ರ, ಅದರಲ್ಲೂ ಮೊದಲ ಕೆಲವು ಗಂಟೆಗಳೇ ಮುಖ್ಯ. ಆಮೇಲೆ ಆ ಬಾಗಿಲು ಮುಚ್ಚುತ್ತದೆ. ಅಜ್ಜಿಗೆ ಇದು ಯಾವ ಪುಸ್ತಕವೂ ಇಲ್ಲದೆ ಗೊತ್ತಿತ್ತು. ಕರುವಿಗೆ ಹೊಟ್ಟೆ ತುಂಬಾ ಕುಡಿಸದೆ ಪಾತ್ರೆ ಹಿಡಿಯುತ್ತಿರಲಿಲ್ಲ. ಆಮೇಲೂ ಎರಡು ಮೊಲೆ ನಮಗೆ, ಎರಡು ಮೊಲೆ ಕರುವಿಗೆ. ಅವಳ ನಾಟಿ ಹಸು ಕೊಡುತ್ತಿದ್ದುದು ಹೊತ್ತಿಗೆ ಎರಡು ಲೀಟರು ಇದ್ದೀತು.

"ಗಂಡೋ ಹೆಣ್ಣೋ?" ಎಂದು ತಮ್ಮನನ್ನು ಕೇಳಿದೆ.

"ಗಂಡು ಕಣಕ್ಕ" ಎಂದ. ಸುಮ್ಮನಿದ್ದು ಮತ್ತೆ ಹೇಳಿದ: "ಏನ್ ಮಾಡ್ಲಿ ಹೇಳು. ಉಳಾಕೆ ಟ್ರ್ಯಾಕ್ಟ್ರು ಐತೆ. ಸೀಮೆಹಸಿನ ಗಂಡು ಬಿಸ್ಲು ತಡಿಯಲ್ಲ. ಇದ್ಕೇ ದಿನಾ ಮೂರು ಲೀಟ್ರು ಕುಡಿಸಿದ್ರೆ ಹಿಂಡಿ ಬೂಸಕ್ಕೆ ಎಲ್ಲಿಂದ ತರ್ಲಿ?"

ಎರಡು ತಿಂಗಳು ಬಿಟ್ಟು ಹೋದಾಗ ಗೂಟ ಖಾಲಿ. ಕೇಳಿದೆ. ಅವನು ನೆಲ ನೋಡಿದ. ಅವನು ಕಟುಕನಲ್ಲ. ಹಸುವಿಗೆ ಕೆಚ್ಚಲುಬಾವು ಬಂದಾಗ ರಾತ್ರಿಯೆಲ್ಲ ಕೊಟ್ಟಿಗೆಯಲ್ಲಿ ಕೂತು ಬಿಸಿನೀರಿನ ಬಟ್ಟೆ ಒತ್ತಿದವನು. ಆದರೆ ಹಾಲು ಬರಬೇಕಾದರೆ ಹಸು ಗಬ್ಬವಾಗಬೇಕು, ಒಂಬತ್ತು ತಿಂಗಳು ಹೊರಬೇಕು, ಈಯಬೇಕು. ಮತ್ತೆ ಎರಡು ಮೂರು ತಿಂಗಳಿಗೆ ಇಂಜೆಕ್ಷನ್ ಹಾಕಿಸಬೇಕು. ಹುಟ್ಟುವ ಕರುಗಳಲ್ಲಿ ಅರ್ಧ ಗಂಡು. ನನ್ನ ಮನೆಗೆ ದಿನಾ ಬರುವ ಹಾಲಿನ ಪ್ಯಾಕೆಟ್ಟಿನ ಹಿಂದೆ ಇಂಥದೊಂದು ಖಾಲಿ ಗೂಟ ಇದೆ ಎನ್ನುವುದು ಆಮೇಲೆ ಮರೆಯಲಿಕ್ಕೆ ಆಗಲಿಲ್ಲ.

ಹಾಗಂತ ಚಿಕ್ಕಮ್ಮನಿಗೆ ಹಸು ಮಾರು ಎಂದು ಹೇಳಲು ನನಗೆ ಬಾಯಿ ಬಂದಿಲ್ಲ, ಬರುವುದೂ ಇಲ್ಲ. 1970ರಲ್ಲಿ ಆನಂದ್ ಕಡೆಯಿಂದ ಕುರಿಯನ್ ಅವರ ಕ್ಷೀರಕ್ರಾಂತಿ ಹೊರಟು, 1974ರಲ್ಲಿ ನಮ್ಮ ರಾಜ್ಯದಲ್ಲಿ ಹೈನು ಅಭಿವೃದ್ಧಿ ನಿಗಮ ಬಂದು, ಮುಂದೆ ಅದೇ ಹಾಲು ಮಹಾಮಂಡಳಿಯಾಗಿ, ಊರೂರಿಗೆ ಡೇರಿ ಆದವಲ್ಲ, ಆ ಡೇರಿಯ ಬಟವಾಡೆಯೇ ಚಿಕ್ಕಮ್ಮ ತನ್ನ ಹೆಸರಿಗೆ ಎಣಿಸಿಕೊಂಡ ಮೊದಲ ದುಡ್ಡು. ಮಳೆ ಕೈಕೊಟ್ಟ ವರ್ಷ, ತೆಂಗಿಗೆ ನುಸಿ ಬಿದ್ದ ವರ್ಷ, ಮಕ್ಕಳ ಫೀಸು ಕಟ್ಟಿದ್ದು ಅದರಿಂದಲೇ. ಈ ಲೆಕ್ಕ ನನ್ನ ಕೈಯಲ್ಲಿ ಚುಕ್ತಾ ಆಗುವಂಥದ್ದಲ್ಲ. ನಾನು ಕುಡಿಯದಿರಬಲ್ಲೆ. ಅವಳ ಕಾಯಿ, ಕೊಬ್ಬರಿ, ರಾಗಿ, ಹುರುಳಿಯನ್ನು ಮಂಡಿಯ ಬೆಲೆಗಿಂತ ಮೇಲೆ ಕೊಟ್ಟು ತರಬಲ್ಲೆ. ಅಷ್ಟನ್ನು ಮಾಡುತ್ತಿದ್ದೇನೆ.

ಗಿಣ್ಣು ಅವತ್ತೇ ನಿಂತಿತು. ಕುಡಿಯುವ ಹಾಲು ಆ ವರ್ಷದ ಕೊನೆಗೆ. ಕಾಫಿಗೆ ಕೊಡಗಿನವರ ಹಾಗೆ ಬೆಲ್ಲ ಹಾಕಿದೆ. ಈಗ ಅದೇ ರುಚಿ. ತುಪ್ಪ ಬಿಡಲು ಎರಡು ವರ್ಷ ಬೇಕಾಯಿತು. ಬಿಸಿ ಹೋಳಿಗೆಯ ಮೇಲೆ ತುಪ್ಪ ಹಾಕಲು ಬಂದ ಕೈಗೆ ಬೇಡ ಎನ್ನುವುದು, ಆ ಕೈಯ ಹಿಂದಿನ ಮನಸ್ಸಿಗೇ ಬೇಡ ಎಂದಂತೆ ಆಗುತ್ತದೆ. ನಮ್ಮ ಸೀಮೆಯಲ್ಲಿ ಹೋಳಿಗೆಗೂ ಒತ್ತುಶಾವಿಗೆಗೂ ಕಾಯಿಹಾಲು ಬಡಿಸುವುದು ಹಳೆಯ ರೂಢಿ ಎಂಬುದು ನನ್ನನ್ನು ಕಾಪಾಡಿತು. "ತುಪ್ಪ ಬೇಡ, ಕಾಯಿಹಾಲು ಹಾಕಿ" ಎಂದರೆ ಯಾರೂ ನೊಂದುಕೊಳ್ಳುವುದಿಲ್ಲ, ಇನ್ನೊಂದು ಸೌಟು ಹೆಚ್ಚೇ ಹಾಕುತ್ತಾರೆ. ದೇವಸ್ಥಾನದಲ್ಲಿ ಈಗ ಬರೀ ತುಳಸಿ ತೀರ್ಥಕ್ಕೆ ಕೈ ಒಡ್ಡುತ್ತೇನೆ.

ಸುಣ್ಣದ ಅಂಶಕ್ಕೆ ಏನು ಗತಿ ಎನ್ನುವವರಿಗೆ ನಮ್ಮ ಮುದ್ದೆ ತೋರಿಸುತ್ತೇನೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಷ್ಟೇ ಹಸುವಿನ ಹಾಲಿನಲ್ಲಿ 120ರ ಆಸುಪಾಸು. ಮೈ ಅದನ್ನೆಲ್ಲ ಹೀರಿಕೊಳ್ಳುವುದಿಲ್ಲ, ಆದರೆ ಜೊತೆಗೆ ಎಳ್ಳಿದೆ, ಸೊಪ್ಪಿದೆ, ಹುರುಳಿಯಿದೆ. ಬಿ12ರ ಮಾತು ಹಾಗಲ್ಲ. ಯಾವ ಕಾಳು, ಸೊಪ್ಪಿನಿಂದಲೂ ಅದು ಸಾಕಷ್ಟು ಸಿಗುವುದಿಲ್ಲ. ಎರಡನೆಯ ವರ್ಷ ಕೈಬೆರಳು ಜೋಮು ಹಿಡಿಯತೊಡಗಿದಾಗ ರಕ್ತ ಪರೀಕ್ಷೆ ಮಾಡಿಸಿದೆ, ಬಿ12 ತೀರಾ ಇಳಿದಿತ್ತು. ಡಾಕ್ಟರು ಬರೆದುಕೊಟ್ಟ ಮಾತ್ರೆ ಅಂದಿನಿಂದ ತಪ್ಪಿಸಿಲ್ಲ. ಹಾಲು, ಮೊಟ್ಟೆ ಬಿಡುವವರು ಯಾರೇ ಇರಲಿ, ಈ ಮಾತ್ರೆಯನ್ನು ಮೊದಲ ದಿನದಿಂದಲೇ ಶುರು ಮಾಡಲಿ. ಇದನ್ನು ಕೈ ಹಿಡಿದು ಹೇಳುತ್ತೇನೆ.

ಎಲ್ಲ ಹೋದ ಮೇಲೂ ಮೊಸರು ಉಳಿಯಿತು. ಮಜ್ಜಿಗೆಯ ಅನ್ನ ಉಣ್ಣದೆ ಎದ್ದರೆ ಊಟ ಮುಗಿದ ಹಾಗೆ ಆಗುವುದಿಲ್ಲ, ಆ ಮಾತು ಇದ್ದೇ ಇದೆ. ಅದಕ್ಕಿಂತ ಹೆಚ್ಚಾಗಿ, ಹಾಲು ತರುವುದನ್ನು ನಿಲ್ಲಿಸಿದರೆ ಅಜ್ಜಿಯ ಹೆಪ್ಪು ನನ್ನ ಕೈಯಲ್ಲಿ ಸಾಯುತ್ತದೆ ಎಂಬ ಸಂಕಟ. ಮಗಳೇ ದಾರಿ ಹುಡುಕಿದಳು: "ಹೆಪ್ಪಿಗೆ ಬೇಕಾಗಿರೋದು ಊಟ ತಾನೇ ಅಮ್ಮ? ಬೇರೆ ಊಟ ಕೊಟ್ಟು ನೋಡೋಣ."

ಕಡಲೆಕಾಯಿ ಬೀಜ ಒಂದು ಲೋಟ. ಬೆಳಿಗ್ಗೆ ನೆನೆಹಾಕಿ, ಸಂಜೆ ಅಂಗೈಯಲ್ಲಿ ಉಜ್ಜಿ ಸಿಪ್ಪೆ ತೇಲಿಸಿ ತೆಗೆದು, ನುಣ್ಣಗೆ ರುಬ್ಬಿ, ನಾಲ್ಕು ಲೋಟ ನೀರು ಬೆರೆಸಿ ಮಲ್ಲುಬಟ್ಟೆಯಲ್ಲಿ ಹಿಂಡಬೇಕು. ಕಾಯಿಸುವಾಗ ಸೌಟು ಆಡಿಸುತ್ತಲೇ ಇರಬೇಕು, ಇಲ್ಲದಿದ್ದರೆ ತಳ ಹತ್ತುತ್ತದೆ. ಹಸಿ ವಾಸನೆ ಹೋಗುವ ತನಕ ಕುದಿಯಬೇಕು. ಮೊದಲ ಸಲ ನಾನು ಅವಸರ ಮಾಡಿದೆ, ಮೊಸರಿಗೆ ಹಸಿಬೀಜದ ನಾತ ಉಳಿಯಿತು. ಮೂರನೆಯ ಸಲಕ್ಕೆ ಹದ ಸಿಕ್ಕಿತು. ಉಗುರುಬೆಚ್ಚಗಾದ ಮೇಲೆ ಕಿರುಬೆರಳು ಅದ್ದಿ ನೋಡಿ, ಅಜ್ಜಿಯ ಹೆಪ್ಪು ಒಂದು ಚಮಚ ಹಾಕಿ ಕಲಕಿ ಮುಚ್ಚಿದೆ. ಬೆಳಿಗ್ಗೆ ಪಾತ್ರೆ ಓರೆ ಮಾಡಿದರೆ ಗಟ್ಟಿಯಾಗಿ ನಿಂತಿತ್ತು.

ಹಸಿಮೆಣಸಿನಕಾಯಿಯ ತೊಟ್ಟು ಹಾಕಿಯೂ ಹೆಪ್ಪು ಹುಟ್ಟಿಸಬಹುದು, ಅದು ನಮ್ಮ ಹೆಂಗಸರಿಗೆಲ್ಲ ಗೊತ್ತು. ನನಗೆ ಹೊಸದು ಬೇಕಿರಲಿಲ್ಲ. ಮಗಳು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದಳು. ಅರ್ಧ ಲೀಟರಿಗೆ ಒಂದು ಚಮಚ ಎಂದರೆ ನೂರರಲ್ಲಿ ಒಂದು ಪಾಲು. ಮರುದಿನ ಇದರಿಂದ ಒಂದು ಚಮಚ ತೆಗೆದು ಹೊಸ ಪಾತ್ರೆಗೆ ಹಾಕಿದರೆ ಅದರಲ್ಲಿರುವ ಹಾಲು ಹತ್ತು ಸಾವಿರದಲ್ಲಿ ಒಂದು ಪಾಲು. ಮೂರನೆಯ ದಿನಕ್ಕೆ ಹತ್ತು ಲಕ್ಷದಲ್ಲಿ ಒಂದು. ವಾರದಲ್ಲಿ ಹಾಲು ಎಂಬುದು ಇಲ್ಲವೇ ಇಲ್ಲ, ಹೆಪ್ಪಿನ ವಂಶ ಮಾತ್ರ ಅದೇ. ಆರು ವರ್ಷ ಕಟ್ಟಿಕೊಂಡಿದ್ದ ಸಂಕಟ ಆ ಕಾಗದ ನೋಡುತ್ತಾ ನೋಡುತ್ತಾ ಕರಗಿತು. ಹಾಲಿನ ಹುಡುಗನಿಗೆ ನಾಳೆಯಿಂದ ಬೇಡಪ್ಪ ಎಂದು ಹೇಳಿದ್ದು 2023ರ ಯುಗಾದಿಯ ಮುಂಚಿನ ವಾರ.

ಆ ಬೇಸಿಗೆಯಲ್ಲಿ ಅಮ್ಮ ಬಂದಳು. ಅವಳಿಗೆ ಎಂಬತ್ತು ದಾಟಿದೆ. ಮೊದಲ ದಿನ ಮೊಸರಿನ ಪಾತ್ರೆಯನ್ನು ಬಗ್ಗಿ ಮೂಸಿ, "ಇದೇನೇ ಇದು, ಬಣ್ಣ ಹಿಂಗೈತೆ?" ಎಂದಳು. ಎಲ್ಲ ಹೇಳಿದೆ. ಗಿಣ್ಣು, ಬೆರಳು ಚೀಪಿದ ಕರು, ಖಾಲಿ ಗೂಟ. ಕೇಳಿದಳು, ಏನೂ ಅನ್ನಲಿಲ್ಲ. ಅವಳಿಗೆಂದು ನಮ್ಮ ಯಜಮಾನರು ತಂದಿಟ್ಟಿದ್ದ ಅಂಗಡಿ ಮೊಸರಿನಲ್ಲೇ ಎರಡು ದಿನ ಉಂಡಳು. ಮೂರನೆಯ ದಿನ ಮಧ್ಯಾಹ್ನ ನಮ್ಮ ಮೊಸರಿಗೆ ನೀರು ಬೆರೆಸಿ, ಶುಂಠಿ ಜಜ್ಜಿ ಹಾಕಿ, ಇಂಗು ಕರಿಬೇವಿನ ಒಗ್ಗರಣೆ ಕೊಟ್ಟಿದ್ದೆ. ಲೋಟ ಮುಂದೆ ಮಾಡಿದಳು. ಕುಡಿದು ಬಹಳ ಹೊತ್ತು ಸುಮ್ಮನೆ ಕೂತಿದ್ದಳು.

"ನಮ್ಮ ಕೆಂದಹಸ ಗಂಡುಕರ ಹಾಕಿದಾಗೆಲ್ಲ ನಮ್ಮವ್ವ ಎಷ್ಟು ಹಿಗ್ಗುತ್ತಿದ್ಲು ಗೊತ್ತೇನೇ? ಎತ್ತಾಯ್ತದೆ, ಹೊಲ ಉಳ್ತದೆ ಅಂತ" ಎಂದಳು.

ರಾತ್ರಿ ಊಟಕ್ಕೆ ಎಲ್ಲರೂ ಕೂತಿದ್ದೆವು. ಮಗಳು ಕೊನೆಯ ಮೊಸರನ್ನು ಬಗ್ಗಿಸಿಕೊಳ್ಳಲು ಪಾತ್ರೆ ಎತ್ತಿದಳು. ಅಮ್ಮ ಅವಳ ಕೈ ಹಿಡಿದು ನಿಲ್ಲಿಸಿ, ಪಾತ್ರೆಯನ್ನು ತನ್ನ ಕಡೆ ಎಳೆದುಕೊಂಡು, ಒಂದು ಚಮಚ ತೆಗೆದು ಬಟ್ಟಲಿಗೆ ಹಾಕಿ, ಮೇಲೆ ತಟ್ಟೆ ಮುಚ್ಚಿದಳು.