ಆಲಂಕಾರಿನಿಂದ ಸಂಚಯಗಿರಿಗೆ

ಹಿಂದೆ ಪುತ್ತೂರು ತಾಲೂಕಿನಲ್ಲಿದ್ದು ಈಗ ಕಡಬಕ್ಕೆ ಸೇರಿರುವ ಆಲಂಕಾರು, ಕುಮಾರಧಾರೆಯ ಸೀಮೆಯ ಒಂದು ಹಳ್ಳಿ. ಅಡಕೆಯ ತೋಟಗಳು, ಗುಡ್ಡಗಳು, ಶರವೂರಿನ ದುರ್ಗಾಪರಮೇಶ್ವರಿಯ ಗುಡಿ. ದಾರಿಹೋಕನ ಕಣ್ಣಿಗೆ ಬೀಳುವುದು ಇವಿಷ್ಟೆ. ಬೀಳದೆ ಉಳಿಯುವುದು ಈ ಕಡೆಯ ಹಳೆಯ ಮನೆಗಳ ಅಟ್ಟ. ಮನೆ ಕೆಡವಿ ತಾರಸಿ ಹಾಕಿಸುವ ದಿನ ಅಟ್ಟದ ಸಾಮಾನು ಅಂಗಳಕ್ಕಿಳಿಯುತ್ತದೆ: ತೊಟ್ಟಿಲು, ಕಳಸಿಗೆ, ಸೇರು, ಕಡೆಗೆ ಗುಳಿ ಕೊರೆದ ಒಂದು ಮರದ ಮಣೆ. ಹಿತ್ತಾಳೆಗೆ ಬೆಲೆ ಕಟ್ಟುವ ಗುಜರಿಯವನು ಮಣೆಯನ್ನು ಒಲೆಯ ಪಾಲಿಗೆ ಬಿಟ್ಟು ಹೋಗುತ್ತಾನೆ.

ಅದು ಚೆನ್ನೆಮಣೆ. ಸಾಲಿಗೆ 7ರಂತೆ 14 ಗುಳಿಗಳು. ಗುಳಿಗೆ 4ರಂತೆ 56 ಬೀಜಗಳು. ಆಟಿ ತಿಂಗಳ ಮಳೆ ಅಂಗಳವನ್ನು ಕೆರೆಯಾಗಿಸಿದಾಗ ಹೆಣ್ಣುಮಕ್ಕಳು ಜಗಲಿಯಲ್ಲಿ ಕುಳಿತು ಇದನ್ನಾಡುತ್ತಿದ್ದರು. ಅಕ್ಕತಂಗಿಯರು ಮಾತ್ರ ಎದುರುಬದುರು ಕೂಡಬಾರದೆಂದು ಹಿರಿಯರ ಕಟ್ಟಳೆ. ಸಿರಿ ಪಾಡ್ದನದ ಅಬ್ಬಗ, ದಾರಗ ಎಂಬ ಅವಳಿಗಳ ಚೆನ್ನೆಯಾಟ ಜಗಳಕ್ಕೆ ತಿರುಗಿ ಸಾವಿನಲ್ಲಿ ಮುಗಿಯಿತಷ್ಟೆ! ಗೋಪಾಲ ನಾಯ್ಕರು ಹಾಡಿದ ಈ ಕಾವ್ಯವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಅವರ ಬಳಗ 1990ರಲ್ಲಿ ದಾಖಲಿಸಿ 1998ರಲ್ಲಿ ಅಚ್ಚು ಹಾಕಿಸಿತು, ಸಾಲುಗಳು 15,683.

ಆಲಂಕಾರಿನಿಂದ ಉಪ್ಪಿನಂಗಡಿಗೆ ಬಂದು, ನೇತ್ರಾವತಿ ಕುಮಾರಧಾರೆಗಳ ಸಂಗಮವನ್ನು ಕಂಡು, ಮಾಣಿಯ ಮಾರ್ಗವಾಗಿ ಬಂಟ್ವಾಳದ ಬಿ.ಸಿ.ರೋಡಿಗೆ ಇಳಿದರೆ ಸಂಚಯಗಿರಿ. ಇತಿಹಾಸದ ಅಧ್ಯಾಪಕ ಪ್ರೊ. ತುಕಾರಾಮ ಪೂಜಾರಿಯವರು ಕಟ್ಟಿ ಬೆಳೆಸಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರವೂ ಅದರ ವಸ್ತುಸಂಗ್ರಹಾಲಯವೂ ಇಲ್ಲಿವೆ. ಅಟ್ಟದಿಂದ ಗುಜರಿಗೆ ಹೋಗಬೇಕಾದುದಕ್ಕೆ ಇಲ್ಲಿ ಆಸರೆ ದೊರೆತಿದೆ. ಬೇಸಾಯದ ಸಲಕರಣೆ, ಅಡುಗೆಮನೆಯ ಪಾತ್ರೆಪಡಗ, ಎಲ್ಲವೂ ಬೆಳೆದವರ ಕೈಯಳತೆಗೆ ಮಾಡಿದವು. ಅದೇ ಒನಕೆಯನ್ನು ಹತ್ತು ವರ್ಷದ ಹುಡುಗಿಯೊಬ್ಬಳು ಎತ್ತಿದ್ದಳೆಂಬುದನ್ನು ಒನಕೆ ಹೇಳುವುದಿಲ್ಲ. ಅವಳ ಸ್ವಂತದ ಸೊತ್ತಾದರೋ ತೆಂಗಿನ ಗರಿಯ ಬೊಂಬೆ, ಗೆರಟೆಯ ಅಡುಗೆ. ಒಂದು ಮಳೆಗಾಲವನ್ನೂ ದಾಟದ ವಸ್ತುಗಳು. 2020ರಲ್ಲಿ ವಾಷಿಂಗ್ಟನ್ನಿನ ಅಮೆರಿಕ ಇತಿಹಾಸದ ರಾಷ್ಟ್ರೀಯ ಸಂಗ್ರಹಾಲಯವು ಹುಡುಗಿಯರ ಇತಿಹಾಸಕ್ಕೆಂದೇ ಒಂದು ಪ್ರದರ್ಶನವನ್ನು ತೆರೆಯಿತು. ತುಳುನಾಡಿನ ಹುಡುಗಿಯನ್ನು ಹುಡುಕುವವರು ವಸ್ತುವಿನ ಜೊತೆಗೆ ಪಾಡ್ದನವನ್ನೂ ಕೇಳಬೇಕು.

ಕೇಳಿದರೆ ಒಂದೇ ನಾಡಿನ ಎರಡು ಬಾಲ್ಯಗಳು ಎದುರಾಗುತ್ತವೆ. ಉಳ್ಳಾಲದ ಅಬ್ಬಕ್ಕ ಅಳಿಯಸಂತಾನದ ಚೌಟರ ಮನೆಯವಳು. ಸೋದರಮಾವ ತಿರುಮಲರಾಯನೇ ಅವಳಿಗೆ ಕತ್ತಿವರಸೆ, ಕುದುರೆ ಸವಾರಿಗಳನ್ನು ಕಲಿಸಿದನೆಂದು ಐತಿಹ್ಯ. ಆ ಕುಟುಂಬಗಳಲ್ಲಿ ಮನೆತನ ಮುಂದುವರಿಯುವುದು ಹೆಣ್ಣಿನಿಂದ. ಇತ್ತ ಪುತ್ತೂರಿನ ಪಡುಮಲೆಯಲ್ಲಿ, ಮದುವೆಗೆ ಮುಂಚೆಯೇ ಮೈನೆರೆದಳೆಂಬ ಒಂದೇ ಕಾರಣಕ್ಕೆ ಬ್ರಾಹ್ಮಣರ ಹುಡುಗಿಯೊಬ್ಬಳನ್ನು ಕಣ್ಣಿಗೆ ಬಟ್ಟೆ ಕಟ್ಟಿ ಕಾಡಿಗೆ ಬಿಟ್ಟರಂತೆ. ಸಾಯನ ಬೈದ್ಯ ಅವಳನ್ನು ಕಂಡು ಮನೆಗೆ ಕರೆತಂದ. ಅವಳೇ ದೇಯಿ ಬೈದೆತಿ, ಮದ್ದು ಬಲ್ಲವಳು, ಕೋಟಿ ಚೆನ್ನಯರ ತಾಯಿ. ಕತೆಯೆಂದು ತಳ್ಳಿಹಾಕುವಂತಿಲ್ಲ, ಹುಡುಗಿಗೆ 14 ತುಂಬುವ ಮೊದಲು ಮದುವೆ ಕೂಡದೆಂದ 1929ರ ಶಾರದಾ ಕಾಯಿದೆಯನ್ನು ಎಷ್ಟೋ ಮನೆಗಳು ಎದುರಿಸಿದ್ದು ಇದೇ ಭಯದಿಂದ. ಕಣ್ಣಿಗೆ ಕಟ್ಟಿದ ಆ ಬಟ್ಟೆ ಯಾವ ಸಂಗ್ರಹಾಲಯದಲ್ಲಿಯೂ ದೊರೆಯದು.

ಚೆನ್ನೆಮಣೆಯ ಅದೃಷ್ಟ ಅದಕ್ಕಿಂತ ಲೇಸು. ‘ಆಟಿಡೊಂಜಿ ದಿನ’ವೆಂದು ಈಗ ಶಾಲೆಗಳಲ್ಲಿಯೂ ಹಬ್ಬ ನಡೆಯುತ್ತದೆ. ಉಳಿದ ಮಣೆಗಳು ಆ ಹೊತ್ತಿಗೆ ಅಟ್ಟದಿಂದ ಇಳಿಯುತ್ತವೆ. ಸಮವಸ್ತ್ರದ ಹುಡುಗಿಯರಿಗೆ ಬೀಜ ಹಂಚುವ ಕ್ರಮ ತಿಳಿಯದು. ಆಗ ಯಾರದೋ ಅಜ್ಜಿ ಸೆರಗು ಬಿಗಿದು, ಮಣೆಯ ಮುಂದೆ ಕುಳಿತು, ತಪ್ಪಿದವಳ ಕೈಗೆ ಮೆಲ್ಲನೆ ಒಂದು ಪೆಟ್ಟು ಕೊಡುತ್ತಾಳೆ.