ನಿದ್ರಾರೋಗ

ಹಾಸನದ ನಮ್ಮ ಶಾಲೆಯ ವಿದ್ಯಾರ್ಥಿನಿನಿಲಯದಲ್ಲಿ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಡೆಯಿಂದ ಬಂದ ಹುಡುಗಿಯರು ನಾವು ಬಹುಮಂದಿ ಇದ್ದೆವು. ಈ ಸ್ಮರಣಸಂಚಿಕೆಗೆ ನಾಲ್ಕು ಮಾತು ಬರೆಯಬೇಕೆಂದು ಅಪ್ಪಣೆಯಾದಾಗ, ಸಂತೋಷದ ನೆನಪುಗಳು ಎಷ್ಟೋ ಇದ್ದರೂ, ನಮ್ಮ ಮನಸ್ಸಿಗೆ ಮೊದಲು ಬಂದುದು ನಾವು ಮಾಡಿದ ಒಂದು ತಪ್ಪು. ಅದನ್ನು ಒಪ್ಪಿಕೊಳ್ಳುವುದೇ ಲೇಸೆಂದು ತೋರಿತು.

ನಮ್ಮ ತರಗತಿಯಲ್ಲಿ ಅರಕಲಗೂಡು ತಾಲ್ಲೂಕಿನ ಹಳ್ಳಿಯೊಂದರ ಹುಡುಗಿ ಇದ್ದಳು. ಮಧ್ಯಾಹ್ನದ ಪಾಠವು ಆರಂಭವಾಗುತ್ತಲೇ ಅವಳ ತಲೆ ಪುಸ್ತಕದ ಮೇಲೆ ಬಾಗುತ್ತಿದ್ದಿತು. ಪ್ರಾರ್ಥನೆಯ ಹೊತ್ತಿನಲ್ಲಿಯೂ ತೂಕಡಿಸುವಳು. ಮೆಟ್ಟಿಲು ಹತ್ತಿದರೆ ಏದುವಳು. ಆಟಕ್ಕೆ ಕರೆದರೆ ಮರದ ನೆರಳಿನಲ್ಲಿ ಕುಳಿತುಬಿಡುವಳು.

ಒಂದು ದಿನ ವಿಜ್ಞಾನದ ಉಪಾಧ್ಯಾಯಿನಿಯವರು ಆಫ್ರಿಕ ಖಂಡದ ನಿದ್ರಾರೋಗದ ವಿಷಯವನ್ನು ಹೇಳಿದರು. ತ್ಸೆತ್ಸೆ ಎಂಬ ನೊಣವು ಕಚ್ಚಿದಾಗ ಟ್ರಿಪನೊಸೋಮ ಎಂಬ ಸೂಕ್ಷ್ಮಜೀವಿಯು ರಕ್ತವನ್ನು ಸೇರುವುದೆಂದೂ, ಮುಂದೆ ಅದು ಮಿದುಳನ್ನು ಹೊಕ್ಕರೆ ರೋಗಿಯು ಹಗಲು ನಿದ್ರಿಸಿ ಇರುಳು ಎಚ್ಚರವಾಗಿರುವನೆಂದೂ ವಿವರಿಸಿದರು. 1903ರಲ್ಲಿ ಉಗಾಂಡದಲ್ಲಿ ಡೇವಿಡ್ ಬ್ರೂಸ್ ಎಂಬ ವೈದ್ಯರು ಈ ನೊಣದ ಕೃತ್ಯವನ್ನು ಬಯಲಿಗೆಳೆದಾಗ, ಅವರ ಪತ್ನಿ ಮೇರಿಯವರೂ ಸೂಕ್ಷ್ಮದರ್ಶಕದ ಮುಂದೆ ಕುಳಿತು ದುಡಿದರೆಂದು ಕೇಳಿ ನಮಗೆ ಬಹಳ ಹೆಮ್ಮೆಯಾಯಿತು. ಆದರೆ ಪಾಠ ಮುಗಿದು ಹೊರಗೆ ಬಂದ ಕೂಡಲೇ ನಾವು ಮಾಡಿದುದೇನು? ಆ ಬಡ ಗೆಳತಿಗೆ "ತ್ಸೆತ್ಸೆ" ಎಂದು ಹೆಸರಿಟ್ಟೆವು. ಅವಳೂ ನಮ್ಮೊಡನೆ ನಕ್ಕಳು. ಆ ನಗೆಯು ಈಗಲೂ ನಮ್ಮ ಕಣ್ಣಿಗೆ ಕಟ್ಟಿದಂತಿದೆ.

ಕೆಲವು ತಿಂಗಳ ಮೇಲೆ ವೈದ್ಯೆಯೊಬ್ಬರು ನಮ್ಮೆಲ್ಲರನ್ನೂ ಪರೀಕ್ಷಿಸಲು ಬಂದರು. ಅವಳ ಕೆಳರೆಪ್ಪೆಯನ್ನು ಎಳೆದು ನೋಡಿದರೆ ಒಳಗೆ ಕೆಂಪೇ ಇಲ್ಲ, ಶಂಖದಂತೆ ಬಿಳಿದು. ಮಲಪರೀಕ್ಷೆಯಲ್ಲಿ ಕೊಕ್ಕೆಹುಳುವಿನ ಮೊಟ್ಟೆಗಳು ಕಂಡವು. ತ್ಸೆತ್ಸೆ ನೊಣವು ನಮ್ಮ ದೇಶದಲ್ಲಿಲ್ಲ; ಆದರೆ ಈ ಹುಳುವಿನ ಮರಿಗಳು ಬಯಲುಶೌಚದಿಂದ ಕೆಟ್ಟ ಹಸಿ ನೆಲದಲ್ಲಿ ಬೆಳೆದು, ಬರಿಗಾಲಿನ ಚರ್ಮವನ್ನು ತೂರಿ, ರಕ್ತದ ಮೂಲಕ ಶ್ವಾಸಕೋಶಕ್ಕೆ ಹೋಗಿ, ಅಲ್ಲಿಂದ ಗಂಟಲಿಗೆ ಏರಿ, ನುಂಗಲ್ಪಟ್ಟು, ಕಡೆಗೆ ಕರುಳನ್ನು ಕಚ್ಚಿಕೊಂಡು ರಕ್ತವನ್ನು ಹೀರುತ್ತವೆ. ಚಿಕ್ಕಂದಿನಿಂದ ಗದ್ದೆಯ ಕೆಸರಿನಲ್ಲಿ ಬರಿಗಾಲಿನಲ್ಲಿ ದುಡಿದ ಆ ಹುಡುಗಿಯದು ಸೋಮಾರಿತನವಲ್ಲ, ರಕ್ತಹೀನತೆ. ಹುಳುವಿನ ಔಷಧ, ಕಬ್ಬಿಣದ ಮಾತ್ರೆ, ರಾಗಿ, ನುಗ್ಗೆಸೊಪ್ಪು, ಇಷ್ಟರಿಂದಲೇ ಅವಳು ಚೇತರಿಸಿಕೊಂಡಳು. ಆದರೆ ಆ ವರ್ಷದ ಪರೀಕ್ಷೆಯು ಕೈತಪ್ಪಿತು. ನಾವು ಮುಂದಿನ ತರಗತಿಗೆ ಹೋದೆವು. ಅವಳು ಕಿರಿಯರ ಸಾಲಿನಲ್ಲಿ ಕುಳಿತಳು. ಕ್ಷಮೆ ಕೇಳಬೇಕೆಂದು ನಾವು ನಮ್ಮೊಳಗೆ ಮಾತನಾಡಿಕೊಂಡೆವೇ ಹೊರತು ಕೇಳಲಿಲ್ಲ.

ಯಾಯೀರನ ಮಗಳ ಕಥೆಯನ್ನು ನಾವು ವೇದಪಾಠದಲ್ಲಿ ಎಷ್ಟೋ ಸಾರಿ ಓದಿದ್ದೆವು. ಹುಡುಗಿಯು ನಿದ್ರಿಸುತ್ತಿರುವಳೆಂದು ಕರ್ತನು ಹೇಳಿದಾಗ ನೆರೆದವರು ನಕ್ಕರಷ್ಟೆ. ಆತನಾದರೋ ಅವಳ ಕೈಹಿಡಿದು ಎಬ್ಬಿಸಿ, ಊಟಕ್ಕೆ ಕೊಡುವಂತೆ ಅಪ್ಪಣೆಮಾಡಿದನು. ನಾವು ನಕ್ಕವರ ಗುಂಪಿನಲ್ಲಿದ್ದೆವು.

ಆಫ್ರಿಕದಲ್ಲಿ 1998ರಲ್ಲಿ ಸುಮಾರು 40,000 ಮಂದಿ ನಿದ್ರಾರೋಗಿಗಳು ಲೆಕ್ಕಕ್ಕೆ ಸಿಕ್ಕಿದ್ದರು. 2018ರಲ್ಲಿ ಆ ಸಂಖ್ಯೆ 1,000ಕ್ಕಿಂತ ಕೆಳಗಿಳಿಯಿತು. ರೋಗಿಯು ಬರಲೆಂದು ಕಾದು ಕುಳಿತುದರಿಂದ ಇದು ಆಗಲಿಲ್ಲ. ವೈದ್ಯತಂಡಗಳು ಹಳ್ಳಿಹಳ್ಳಿಗೆ ಹೋಗಿ ಜನರ ರಕ್ತವನ್ನು ಪರೀಕ್ಷಿಸಿದವು. ನೀಲಿ ಬಟ್ಟೆಯ ಬಲೆಗಳಿಂದ ನೊಣಗಳನ್ನು ಹಿಡಿದವು. ನಮ್ಮ ದೇಶದಲ್ಲಿಯೂ 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಶಾಲೆ, ಅಂಗನವಾಡಿಗಳಲ್ಲಿ 1ರಿಂದ 19 ವರ್ಷದವರಿಗೆ ಆಲ್ಬೆಂಡಜೋಲ್ ಮಾತ್ರೆಯನ್ನು ಕೊಡುತ್ತಾರೆ. ಮಾತ್ರೆಯು ಒಳಗಿನ ಹುಳುವನ್ನು ಕೊಲ್ಲುವುದು. ಮತ್ತೆ ಹತ್ತದಂತೆ ತಡೆಯುವುದು ಪಾದರಕ್ಷೆ ಮತ್ತು ಶೌಚಾಲಯ.

ತಾಯಂದಿರೇ, ಸಹೋದರಿಯರೇ, ನಿಮ್ಮ ಮನೆಯ ಹುಡುಗಿಯು ಪುಸ್ತಕದ ಮೇಲೆ ತೂಕಡಿಸಿದರೆ ಗದರಿಸುವುದಕ್ಕೆ ಮೊದಲು ಅವಳ ಕಣ್ಣಿನ ರೆಪ್ಪೆಯನ್ನು ಒಮ್ಮೆ ತೆರೆದು ನೋಡಿರಿ. ನಮ್ಮ ಆ ಗೆಳತಿಯು ಈ ಸಂಚಿಕೆಯನ್ನು ಓದುವಳೋ ಇಲ್ಲವೋ ತಿಳಿಯದು. ಓದಿದರೆ, ಅಂದು ನಾವು ಕೇಳದೆ ಉಳಿಸಿದ ಕ್ಷಮೆಯನ್ನು ಇಲ್ಲಿ ಕೇಳಿದ್ದೇವೆಂದು ತಿಳಿಯಲಿ.