ಕಾಟ್ಸ್‌ಹ್ಯೂವೆಲ್‌ನ ಕಥೆಗಳ ಕಾಡಿನಲ್ಲಿ ಒಂದು ದಿನ

ಹಾಲೆಂಡ್ ಎಂದೊಡನೆ ನಮ್ಮ ಜನರಿಗೆ ಗಾಳಿಯಂತ್ರ, ಟ್ಯೂಲಿಪ್ ಹೂವು, ಸಮುದ್ರಕ್ಕೆ ಕಟ್ಟಿದ ಒಡ್ಡು ಇವೇ ನೆನಪಿಗೆ ಬರುವುದು ಸಹಜ. ಅವುಗಳನ್ನು ಕುರಿತು ಬರೆದವರು ಬಹು ಮಂದಿ. ನಾವು ಉದ್ಯೋಗನಿಮಿತ್ತವಾಗಿ ಆ ದೇಶದ ದಕ್ಷಿಣ ಭಾಗದ ಐಂಡ್‌ಹೋವನ್ ನಗರದಲ್ಲಿ ಎರಡು ವರ್ಷ ನೆಲೆಸಿದ್ದೆವಾದರೂ ಟ್ಯೂಲಿಪ್ ತೋಟವನ್ನು ನೋಡುವ ಯೋಗ ಕೂಡಿ ಬರಲಿಲ್ಲ. ನಮಗೆ ಬಿಡುವು ದೊರೆತಾಗ ಹೂವು ಮುಗಿದಿರುತ್ತಿತ್ತು. ನಾವು ನೋಡಿದ್ದು ಒಂದು ಮಕ್ಕಳ ಉದ್ಯಾನ. ಅದೂ ಕಚೇರಿಯವರು ಕರೆದೊಯ್ದ ಕಾರಣ.

ಐಂಡ್‌ಹೋವನ್ 1891ರಲ್ಲಿ ಫಿಲಿಪ್ಸ್ ಸಂಸ್ಥೆ ಹುಟ್ಟಿದ ಊರು. ಇಂದು ಅಲ್ಲಿ ಯಂತ್ರತಂತ್ರದ ಕೆಲಸಕ್ಕಾಗಿ ಬಂದು ನೆಲೆಸಿದ ಕನ್ನಡಿಗರು ಅನೇಕರಿದ್ದಾರೆ. ನಮ್ಮ ತಂಡದಲ್ಲಿ ಹನ್ನೊಂದು ಮಂದಿ. ಕನ್ನಡಿಗರು ನಾಲ್ವರು, ತಮಿಳರು ಇಬ್ಬರು, ಉಳಿದವರು ಡಚ್ಚರು. ವರ್ಷಕ್ಕೊಮ್ಮೆ ಕೆಲಸವನ್ನು ಬದಿಗಿಟ್ಟು ತಂಡದವರೆಲ್ಲ ಒಟ್ಟಾಗಿ ಹೊರಗೆ ಹೋಗುವ ರೂಢಿ ಅಲ್ಲಿಯದು. 2023ರ ಜೂನ್ ತಿಂಗಳಿನಲ್ಲಿ ಎಫ್ಟೆಲಿಂಗ್ ಉದ್ಯಾನಕ್ಕೆ ಹೋಗುವುದೆಂದು ನಿಶ್ಚಯವಾಯಿತು. ಐವತ್ತು ದಾಟಿದ ನಮಗೆ ತೂಗುಯ್ಯಾಲೆ, ತಿರುಗುಬಂಡಿಗಳಲ್ಲಿ ಏನು ಕೆಲಸ ಎಂದು ತಪ್ಪಿಸಿಕೊಳ್ಳಲು ನೋಡಿದೆವು. ಬೇರೊಂದು ಕಾರಣವೂ ಇತ್ತು. ಅದನ್ನು ಮುಚ್ಚಿಡದೆ ಹೇಳಿಕೊಳ್ಳುವುದೇ ಲೇಸು.

ನಮ್ಮ ತಂಡದಲ್ಲಿ ಗದಗಿನ ಕಡೆಯ ಹುಡುಗನೊಬ್ಬನಿದ್ದ. ಆ ವರ್ಷ ಮಾರ್ಚಿಯಲ್ಲಿ ಊರಿನಲ್ಲಿ ಅವನ ತಂದೆಗೆ ಹೃದಯದ ತೊಂದರೆ ಕಾಣಿಸಿಕೊಂಡಿತು. ರಜೆ ಕೇಳಲು ನಮ್ಮಲ್ಲಿಗೆ ಬಂದ. ಕೆಲಸ ಒಪ್ಪಿಸಬೇಕಾದ ದಿನಕ್ಕೆ ಒಂದು ವಾರ ಉಳಿದಿತ್ತು. "ಈಗ ಚೇತರಿಸಿಕೊಂಡಿದ್ದಾರಲ್ಲ, ಒಂದು ವಾರ ತಡೆದು ಹೋಗು" ಎಂದೆವು. ನಮಗೆ ಮೇಲಿನವರಾರೂ ಹಾಗೆ ಹೇಳಲು ಆಜ್ಞಾಪಿಸಿರಲಿಲ್ಲ. ಆ ಮಾತು ನಮ್ಮದೇ. ನಾಲ್ಕನೆಯ ದಿನ ಸುದ್ದಿ ಬಂತು. ಹುಡುಗ ವಿಮಾನ ಹಿಡಿದು, ಬೆಂಗಳೂರಿನಲ್ಲಿಳಿದು, ಗದಗ ಮುಟ್ಟುವಷ್ಟರಲ್ಲಿ ತಂದೆಯ ಸಮಾಧಿಯಾಗಿ ಒಂದು ದಿನ ಕಳೆದಿತ್ತು. ಹಿಂತಿರುಗಿ ಬಂದ ಮೇಲೆ ಅವನು ನಮ್ಮೊಡನೆ ಕೆಲಸದ ಮಾತಿಗಿಂತ ಒಂದು ಮಾತನ್ನೂ ಹೆಚ್ಚಿಗೆ ಆಡಿದವನಲ್ಲ. ಮರ್ಯಾದೆಗೆ ಕುಂದಿಲ್ಲ, ಆದರೆ ಕಣ್ಣೆತ್ತಿ ನೋಡುವುದಿಲ್ಲ. ಇಂಥವನೊಡನೆ ದಿನವಿಡೀ ವಿಹಾರ ಮಾಡುವುದೆಂತು? ಆದರೂ ತಂಡದ ಹಿರಿಯರೇ ಬಾರದಿದ್ದರೆ ಚೆನ್ನಾಗಿರದು ಎಂದು ಡಚ್ ಗೆಳೆಯರು ಪಟ್ಟು ಹಿಡಿದರು. ಹೊರಟೆವು.

ಟಿಲ್‌ಬರ್ಗ್ ಮಾರ್ಗವಾಗಿ ಬಸ್ಸಿನಲ್ಲಿ ಒಂದು ತಾಸಿನೊಳಗಿನ ದಾರಿ. ಉದ್ಯಾನವಿರುವ ಕಾಟ್ಸ್‌ಹ್ಯೂವೆಲ್ ಹಿಂದೆ ಚಮ್ಮಾರಿಕೆಯಿಂದ ಬದುಕಿದ ಸೀಮೆ. ಸುತ್ತಲ ಊರುಗಳಲ್ಲಿ ಪಾದರಕ್ಷೆ ಹೊಲಿಯುವ ಮನೆಗಳೇ ತುಂಬಿದ್ದವಂತೆ. ಅಂಥ ಬಡ ಊರಿನ ಮಕ್ಕಳಿಗೆ ಆಡಲು ಒಂದು ಬಯಲು ಬೇಕೆಂದು ಅಲ್ಲಿನ ಇಬ್ಬರು ಕ್ರೈಸ್ತ ಪಾದ್ರಿಗಳು 1935ರಲ್ಲಿ ಆಟದ ಬಯಲೊಂದನ್ನು ಏರ್ಪಡಿಸಿದರು. ಮಹಾಯುದ್ಧ ಮುಗಿದ ಮೇಲೆ 1950ರಲ್ಲಿ ಒಂದು ಪ್ರತಿಷ್ಠಾನ ಸ್ಥಾಪನೆಯಾಗಿ, 1952ರ ಮೇ 31ರಂದು ಹತ್ತು ಕಥೆಗಳ 'ಕಥೆಗಳ ಕಾಡು' ತೆರೆಯಿತು. ಇದರ ರೂಪವನ್ನು ಬರೆದವರು ಆಂಟನ್ ಪೀಕ್ ಎಂಬ ಪ್ರಸಿದ್ಧ ಚಿತ್ರಕಾರರು. ರಟ್ಟು, ಬಣ್ಣಗಳಿಂದ ಕಣ್ಣು ಮಂಕು ಮಾಡುವ ಕೆಲಸಕ್ಕೆ ಅವರು ಒಪ್ಪಲಿಲ್ಲವಂತೆ. ಮನೆಯೆಂದರೆ ನಿಜವಾದ ಇಟ್ಟಿಗೆ, ನಿಜವಾದ ಮರದ ಮನೆಯೇ ಆಗಬೇಕು. ಮಕ್ಕಳಿಗೆ ತಾನೇ ಎಂದು ಅವರು ಕೈ ಬಿಗಿ ಹಿಡಿಯಲಿಲ್ಲ. ಇಂದಿಗೂ ಉದ್ಯಾನ ಪ್ರತಿಷ್ಠಾನದ ಒಡೆತನದಲ್ಲಿಯೇ ಇದ್ದು, ವರ್ಷಕ್ಕೆ ಐವತ್ತು ಲಕ್ಷಕ್ಕೂ ಮಿಕ್ಕಿ ಜನ ಬರುತ್ತಾರೆ.

ಒಳಹೊಕ್ಕೊಡನೆ ನಮ್ಮ ಮನಸ್ಸನ್ನು ಸೆಳೆದುದು ಯಾವ ಯಂತ್ರವೂ ಅಲ್ಲ, ಒಂದು ಕಸದ ಡಬ್ಬಿ! ಹೊಲ್ಲೆ ಬೊಲ್ಲೆ ಖೈಸ್ ಎಂಬ ಹೊಟ್ಟೆಬಾಕನೊಬ್ಬ ಡಚ್ ಶಿಶುಗೀತೆಯಲ್ಲಿದ್ದಾನೆ. ಎಷ್ಟು ತಿಂದರೂ ಅವನ ಹೊಟ್ಟೆ ತುಂಬದು. ಅವನ ಮೂರ್ತಿಯನ್ನು ಮಾಡಿ ಬಾಯಿ ತೆರೆಸಿ ಅಲ್ಲಲ್ಲಿ ಕೂರಿಸಿದ್ದಾರೆ. "ಪಾಪೀರ್ ಹೀರ್", ಅಂದರೆ 'ಕಾಗದ ಇಲ್ಲಿ' ಎಂದು ಅವನು ಕೂಗುತ್ತಲೇ ಇರುತ್ತಾನೆ. ಕಾಗದ ಒಡ್ಡಿದರೆ ಗಾಳಿಯ ಸೆಳೆತದಿಂದ ಗಬಕ್ಕನೆ ನುಂಗಿ ಧನ್ಯವಾದ ಹೇಳುತ್ತಾನೆ. 1959ರಿಂದ ಈ ಊಟ ನಡೆದಿದೆ. ಮಕ್ಕಳು ತಮ್ಮ ಕೈಯ ಕಾಗದ ಮುಗಿದ ಮೇಲೆ ನೆಲದ ಮೇಲೆ ಬಿದ್ದುದನ್ನು ಹುಡುಕಿ ತಂದು ತಿನ್ನಿಸುತ್ತಿದ್ದವು. ದಂಡದ ಫಲಕಗಳಿಂದ ಆಗದ ಕೆಲಸ! ನಮ್ಮ ಜಾತ್ರೆಗಳ ಮರುದಿನದ ಬಯಲನ್ನು ನೆನೆದು ಮನಸ್ಸಿನಲ್ಲಿಯೇ ನಿಟ್ಟುಸಿರುಬಿಟ್ಟೆವು.

ಮುಂದೆ ತಂಡದ ತರುಣರು ನಮ್ಮನ್ನು 'ಬ್ಯಾರನ್ 1898' ಎಂಬ ಉರುಳುಬಂಡಿಗೆ ಎಳೆದೊಯ್ದರು. 2015ರಲ್ಲಿ ಆರಂಭವಾದ ಇದು ಚಿನ್ನದ ಗಣಿಯೊಂದರ ಕಥೆ. ಭೂಮಿಯೊಳಗಿನ ಚಿನ್ನಕ್ಕೆ ಆಸೆಪಟ್ಟ ಒಡೆಯನನ್ನು ಬಿಳಿಯುಡುಗೆಯ ದೆವ್ವಗಳು ಎಚ್ಚರಿಸುತ್ತವೆ, ಅವನು ಕೇಳುವುದಿಲ್ಲ. ಬಂಡಿ ಮೇಲೇರಿ, ತುದಿಯಲ್ಲಿ ಕೆಲ ಕ್ಷಣ ನಿಂತು, 37.5 ಮೀಟರ್ ಆಳಕ್ಕೆ ನೆಟ್ಟಗೆ ಬೀಳುತ್ತದೆ. ಆಗಿನ ವೇಗ ಗಂಟೆಗೆ 90 ಕಿಲೋಮೀಟರ್. ನಮ್ಮ ತಂಡದ ಬಂಗಾರಪೇಟೆಯ ಗೆಳೆಯ, "ನಮ್ಮಜ್ಜನಿಗೆ ಗಣಿಯಲ್ಲಿ ಇಳಿಯೋಕೆ ಸಂಬಳ ಕೊಡ್ತಿದ್ರು ಸಾರ್, ನಾವು ದುಡ್ಡು ಕೊಟ್ಟು ಇಳೀತಿದ್ದೀವಿ" ಎಂದು ನಗಿಸಿದ. ಅವನ ಅಜ್ಜ ದುಡಿದದ್ದು ಮೂರು ಕಿಲೋಮೀಟರಿಗೂ ಆಳಕ್ಕಿಳಿದ ಕೋಲಾರದ ಗಣಿಯಲ್ಲಿ. ಅದು ಮುಚ್ಚಿದ್ದು 2001ರಲ್ಲಿ. ಬೀಳುವಾಗ ಏನಾಯಿತೆಂದು ಬರೆಯಲು ನಾವು ಅಸಮರ್ಥರು. ಕಣ್ಣು ಮುಚ್ಚಿದ್ದೆವು.

ಮಧ್ಯಾಹ್ನ ಹುಲ್ಲಿನ ಮೇಲೆ ಊಟ. ಡಚ್ಚರು ಬ್ರೆಡ್ಡು, ಚೀಸುಗಳ ಪೊಟ್ಟಣ ಬಿಚ್ಚಿದರು. ನಾವು ಊರಿನಿಂದ ತಂದ ಜೋಳದ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರುಗಳನ್ನು ಮುಂದಿಟ್ಟೆವು. ರೊಟ್ಟಿ ಮುರಿಯುವ ಸದ್ದಿಗೆ ಪಕ್ಕದ ಮಕ್ಕಳೆಲ್ಲ ತಿರುಗಿ ನೋಡಿದರು. ತಂಡದ ಹಿರಿಯ ಡಚ್ ಮಹಿಳೆಯೊಬ್ಬರು ಹಿಂಡಿಯ ಖಾರಕ್ಕೆ ಕಣ್ಣೀರು ಸುರಿಸುತ್ತಲೇ ಎರಡನೆಯ ರೊಟ್ಟಿ ಕೇಳಿದರು. ಗದಗಿನ ಹುಡುಗ ಒಂದು ತುಂಡನ್ನು ತೆಗೆದುಕೊಂಡು ದೂರ ಹೋಗಿ ಕುಳಿತ.

ಊಟವಾದ ಬಳಿಕ ತರುಣರು ಮತ್ತೆ ಬಂಡಿಗಳ ಕಡೆ ಓಡಿದರು. ನಾವು ಒಬ್ಬರೇ ಕಥೆಗಳ ಕಾಡಿನತ್ತ ನಡೆದೆವು. ಉದ್ದ ಕತ್ತಿನ ಸೇವಕ, ನಾಣ್ಯ ಉದುರಿಸುವ ಕತ್ತೆ, ತಾವಾಗಿ ಕುಣಿಯುವ ಕೆಂಪು ಪಾದರಕ್ಷೆಗಳು, ಇವನ್ನೆಲ್ಲ ದಾಟಿ ಒಂದು ಗುಡಿಯಂಥ ಕಟ್ಟಡದ ಬಾಗಿಲಿಗೆ ಬಂದೆವು. ಹೆಸರು 'ಭಾರತದ ನೈದಿಲೆಗಳು'! ಬೆರಗಾಗಿ ಒಳಹೊಕ್ಕರೆ ಕತ್ತಲೆಯ ಸಭಾಂಗಣ, ನಡುವೆ ಕೊಳ. ಕೊಳದ ಎದುರಿನ ಬೆಂಚಿನ ಮೇಲೆ ಗದಗಿನ ಹುಡುಗ ಒಬ್ಬನೇ ಕುಳಿತಿದ್ದ. ಹಿಂತಿರುಗುವುದು ಶೋಭಿಸದು. ಹೋಗಿ ಪಕ್ಕದಲ್ಲಿ ಕುಳಿತೆವು.

ಈ ಕಥೆಯನ್ನು ಬರೆದವರು ಭಾರತೀಯರಲ್ಲ. ಬೆಲ್ಜಿಯಂ ದೇಶದ ರಾಣಿಯಾಗಿದ್ದ ಫ್ಯಾಬಿಯೋಲಾ. ಅವರ ಕಥೆಯನ್ನು ಇಲ್ಲಿ 1966ರಲ್ಲಿ ಕಟ್ಟಿ ನಿಲ್ಲಿಸಿದರು. ಬೆಳದಿಂಗಳ ರಾತ್ರಿ ಆಗಸದಿಂದ ತಾರೆಗಳು ಇಳಿದುಬಂದು ಕೊಳದ ಮೇಲೆ ಕುಣಿಯುತ್ತಿದ್ದವಂತೆ. ಒಂದು ರಾತ್ರಿ ಕೆಲವರು ಹಿಂತಿರುಗುವ ಹೊತ್ತನ್ನು ಮರೆತರು. ಮಾಟಗಾತಿಯೊಬ್ಬಳು ಅವರನ್ನು ನೈದಿಲೆಗಳನ್ನಾಗಿ ಮಾಡಿಬಿಟ್ಟಳು. ಅವಳು ಹಾಡಿದಾಗ ಮಾತ್ರ ಹೂವು ಅರಳಿ, ಒಳಗಿನ ಕನ್ಯೆಯರು ಕುಣಿಯಬಲ್ಲರು. ಕಪ್ಪೆಗಳು ವಾದ್ಯ ಬಾರಿಸುತ್ತವೆ. ಮಾಟಗಾತಿಯ ಹಾಡಿಗೆ ಪೆರು ದೇಶದ ಗಾಯಕಿ ಯಮಾ ಸುಮಾಕ್ ಅವರ ಕಂಠವನ್ನು ಬಳಸಿದ್ದಾರೆ. ಸ್ಪೇನಿನಲ್ಲಿ ಹುಟ್ಟಿದ ರಾಣಿಯ ಕಥೆ, ಪೆರುವಿನ ದನಿ, ಡಚ್ ಕಪ್ಪೆಗಳು. ಇದರಲ್ಲಿ ಭಾರತ ಎಲ್ಲಿದೆಯೆಂದು ನಾವು ನಗಬೇಕಾಗಿತ್ತು. ನಗು ಬರಲಿಲ್ಲ. ಹೊತ್ತು ಮೀರಿದವರ ಕಥೆಯನ್ನು ಆ ಹುಡುಗನ ಪಕ್ಕದಲ್ಲಿ ಕುಳಿತು ಕೇಳುವುದು ಸುಲಭವಲ್ಲ.

ಹಾಡು ಮುಗಿದು ಹೂಗಳು ಮುಚ್ಚಿಕೊಂಡವು. ಹುಡುಗ ತಾನಾಗಿಯೇ ಮಾತೆತ್ತಿದ. "ಅಪ್ಪಂದು ಪಾಸ್‌ಪೋರ್ಟ್ ಬಂದಿತ್ರಿ ಸರ. ಜೂನದಾಗ ಕರಕೊಂಡು ಬರೂದಿತ್ತು. ಇಲ್ಲಿಗೂ ಬರೂದಿತ್ತು."

"ನನ್ನಿಂದ ತಪ್ಪಾತಪಾ" ಎಂದೆವು. ಮೂರು ತಿಂಗಳಿನಿಂದ ಕಟ್ಟಿಟ್ಟ ಮಾತುಗಳು ಬೇಕಾದಷ್ಟಿದ್ದವು, ಒಂದೂ ಹೊರಬರಲಿಲ್ಲ.

ಅವನು ಬಹಳ ಹೊತ್ತು ಕೊಳವನ್ನೇ ನೋಡಿದ. "ಹೌದ್ರಿ ಸರ" ಎಂದ. 'ಇರಲಿ ಬಿಡಿ' ಎನ್ನಲಿಲ್ಲ. ಅನ್ನಬೇಕೆಂದು ನಾವೂ ಬಯಸಬಾರದು. ಆಟ ಮತ್ತೆ ಮೊದಲಿನಿಂದ ಆರಂಭವಾಯಿತು, ಎದ್ದು ಹೋಗದೆ ಇಬ್ಬರೂ ಎರಡನೆಯ ಬಾರಿ ನೋಡಿದೆವು. ಆಮೇಲೆ ಅವನು ತಂದೆಯ ಮಾತುಗಳನ್ನು ಹೇಳುತ್ತ ಹೋದ. ಹತ್ತಿಯ ಅಡತಿ ಅಂಗಡಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದದ್ದು, ಪಾಸ್‌ಪೋರ್ಟಿನ ಫೋಟೋಕ್ಕೆಂದು ಹೊಸ ಅಂಗಿ ಹೊಲಿಸಿದ್ದು. ಆ ಅಂಗಿಯಲ್ಲಿಯೇ ಅವರನ್ನು ಸಮಾಧಿಯಲ್ಲಿ ಕೂರಿಸಿದರಂತೆ.

ಜೂನಿನಲ್ಲಿ ಅಲ್ಲಿ ರಾತ್ರಿ ಹತ್ತಾದರೂ ಬೆಳಕು ಆರುವುದಿಲ್ಲ. ಬಸ್ಸಿನಲ್ಲಿ ಎಲ್ಲರೂ ತೂಕಡಿಸುತ್ತಿದ್ದರು. ಹುಡುಗ ನಮ್ಮ ಪಕ್ಕದ ಆಸನಕ್ಕೆ ಬಂದು, ಮಾರ್ಚಿಯಲ್ಲಿ ತಂದೆಯ ವರ್ಷದ ಪುಣ್ಯಸ್ಮರಣೆ ಇರುವುದನ್ನು ತಿಳಿಸಿ, ಹದಿನೈದು ದಿನ ರಜೆ ಸಿಗಬಹುದೇ ಎಂದು ಕೇಳಿದ. ಇನ್ನೂ ಒಂಬತ್ತು ತಿಂಗಳಿತ್ತು. ಉದ್ಯಾನದ ನಕ್ಷೆಯ ಬೆನ್ನಿಗೆ ದಿನಾಂಕಸಹಿತ ರಜೆ ಮಂಜೂರಾಗಿದೆಯೆಂದು ಬರೆದು ಸಹಿ ಮಾಡಿ ಕೊಟ್ಟೆವು. ಅದನ್ನು ಮಡಿಸಿ ಜೇಬಿನಲ್ಲಿಟ್ಟುಕೊಳ್ಳುತ್ತ, "ಚಲೋ ಆತ್ರಿ ಸರ, ಖೈಸ್‌ನ ಬಾಯಿಗೆ ಹಾಕೂಕಿಂತ ಮೊದಲ ಕೊಟ್ರಿ" ಎಂದ. ಮೂರು ತಿಂಗಳ ಮೇಲೆ ಅವನು ನಕ್ಕದ್ದನ್ನು ಕಂಡೆವು.